ಆಡದೇ ಉಳಿದ 101 ಪಂದ್ಯಗಳು: 2019-20ರ ಲೀಗ್ 1 ಅಂಕಪಟ್ಟಿಯನ್ನು ಓದುವ ಬಗೆ

ಪ್ರಶ್ನೆ: ಫ್ರಾನ್ಸಿನ ಲೀಗ್ 1 ಫುಟ್‌ಬಾಲ್‌ನ ಹಳೆಯ ಅಂಕಪಟ್ಟಿಗಳನ್ನು ನೋಡುತ್ತಿದ್ದೆ. 2019-20ರ ಪಟ್ಟಿಯಲ್ಲಿ ಪ್ಯಾರಿಸ್ ಸೇಂಟ್ ಜರ್ಮೇನ್ (ಪಿಎಸ್‌ಜಿ) 27 ಪಂದ್ಯ ಆಡಿ 68 ಅಂಕಕ್ಕೇ ಚಾಂಪಿಯನ್ ಆಗಿದೆ. 38 ಅಂಕದ ಸ್ಟ್ರಾಸ್‌ಬರ್ಗ್ ಹತ್ತನೇ ಸ್ಥಾನದಲ್ಲಿದ್ದರೆ 39 ಅಂಕದ ಆಂಜೇ ಅದರ ಕೆಳಗಿದೆ. ಗೋಲು ವ್ಯತ್ಯಾಸದಲ್ಲಿ (ಹೊಡೆದ ಗೋಲು ಮತ್ತು ಬಿಟ್ಟುಕೊಟ್ಟ ಗೋಲುಗಳ ಅಂತರ) ಮುಂದಿರುವ ರೀಮ್ಸ್, ಅಷ್ಟೇ ಅಂಕದ ನೀಸ್‌ಗಿಂತ ಹಿಂದಿದೆ. ಇದೆಲ್ಲ ಅಚ್ಚಿನ ತಪ್ಪೇ? ಇನ್ನೊಂದು ಅನುಮಾನ: ಆ ಬೇಸಿಗೆಯಲ್ಲೇ ಚಾಂಪಿಯನ್ಸ್ ಲೀಗ್ ಸೆಮಿಫೈನಲ್ ಆಡಿದ ಲಿಯಾನ್ ತಂಡಕ್ಕೆ ಮುಂದಿನ ವರ್ಷ ಯುರೋಪಿನ ಯಾವ ಟೂರ್ನಿಯಲ್ಲೂ ಜಾಗ ಇಲ್ಲದಂತಾದದ್ದು ಹೇಗೆ?

ಉತ್ತರ: ಅಚ್ಚಿನ ತಪ್ಪಲ್ಲ. ನೀವು ನೋಡಿದ್ದು ಒಟ್ಟು ಅಂಕದ ಮೇಲೆ ಜೋಡಿಸಿದ ಪಟ್ಟಿಯೇ ಅಲ್ಲ, ಅಷ್ಟೇ. ಆ ವರ್ಷದ ಪಟ್ಟಿಯನ್ನು ಜೋಡಿಸಿದ್ದು ಪಂದ್ಯವೊಂದಕ್ಕೆ ಬಂದ ಸರಾಸರಿ ಅಂಕದ ಮೇಲೆ. ಬಹಳಷ್ಟು ಕಡೆ ಈ ಸರಾಸರಿಯ ಕಾಲಂ ಬಿಟ್ಟು ಉಳಿದದ್ದನ್ನು ಮಾತ್ರ ಅಚ್ಚು ಹಾಕುತ್ತಾರೆ. ಓದುವವರಿಗೆ ತಲೆಬುಡ ತಿಳಿಯದಿರುವುದಕ್ಕೆ ಕಾರಣ ಅದು.

20 ತಂಡಗಳು, 38 ಸುತ್ತು, ಒಟ್ಟು 380 ಪಂದ್ಯ. 2022-23ರವರೆಗೆ ಲೀಗ್ 1ರ ಮಾಮೂಲಿ ಲೆಕ್ಕ ಇದಾಗಿತ್ತು. ಆ ಋತು 2019ರ ಆಗಸ್ಟ್ 9ರಂದು ಮೊನಾಕೊದಲ್ಲಿ ಲಿಯಾನ್‌ನ 3-0 ಗೆಲುವಿನೊಂದಿಗೆ ಶುರುವಾಯಿತು. 2020ರ ಮಾರ್ಚ್ 8ರ ಹೊತ್ತಿಗೆ 28 ಸುತ್ತು ಮುಗಿದಿತ್ತು, ಒಂದೇ ಒಂದು ಪಂದ್ಯ ಬಿಟ್ಟು. ಮಾರ್ಚ್ 7ಕ್ಕೆ ನಿಗದಿಯಾಗಿದ್ದ ಸ್ಟ್ರಾಸ್‌ಬರ್ಗ್-ಪಿಎಸ್‌ಜಿ ಪಂದ್ಯವನ್ನು, ಆಲ್ಸಾಸ್ ಪ್ರಾಂತ್ಯದಲ್ಲಿ ಕೊರೊನಾ ಹಬ್ಬುತ್ತಿದ್ದುದರಿಂದ ಮುಂದೂಡಿದ್ದರು. ಆ ಎರಡು ತಂಡಗಳು 27 ಪಂದ್ಯಕ್ಕೆ ನಿಂತದ್ದು ಹೀಗೆ. ಮಾರ್ಚ್ 13ರಂದು ಲೀಗ್ ಸ್ಥಗಿತವಾಯಿತು. ಏಪ್ರಿಲ್ 28ರಂದು ಪ್ರಧಾನಿ ಎಡುವಾರ್ ಫಿಲಿಪ್ ಸಂಸತ್ತಿನಲ್ಲಿ, ವೃತ್ತಿಪರ ಕ್ರೀಡೆಗಳ 2019-20ರ ಋತು ಮತ್ತೆ ಶುರುವಾಗುವುದಿಲ್ಲ ಎಂದು ಘೋಷಿಸಿದರು. ಎರಡೇ ದಿನಕ್ಕೆ, ಏಪ್ರಿಲ್ 30ರಂದು, ಲೀಗ್ ನಡೆಸುವ ಸಂಸ್ಥೆ ಎಲ್‌ಎಫ್‌ಪಿ ಅಂತಿಮ ಪಟ್ಟಿ ಹೊರಡಿಸಿತು. ಆಡಿದ್ದು 279 ಪಂದ್ಯ, ಆಡದೇ ಉಳಿದದ್ದು 101.

ಸರಾಸರಿಯ ಸೂತ್ರ ಸರಳ: ಗಳಿಸಿದ ಅಂಕವನ್ನು ಆಡಿದ ಪಂದ್ಯದಿಂದ ಭಾಗಿಸಿ. ಪಿಎಸ್‌ಜಿ 68 ಭಾಗಿಸು 27, ಅಂದರೆ 2.52. ಮಾರ್ಸೇ 56 ಭಾಗಿಸು 28, ಸರಿಯಾಗಿ 2. ರೆನ್ 50 ಅಂಕಕ್ಕೆ 1.79, ಲೀಲ್ 49ಕ್ಕೆ 1.75. ಹದಿನೆಂಟು ತಂಡಗಳು 28 ಪಂದ್ಯವನ್ನೇ ಆಡಿದ್ದರಿಂದ ಅವುಗಳ ನಡುವೆ ಭಾಗಾಕಾರ ಮಾಡಿದರೂ ಬಿಟ್ಟರೂ ಕ್ರಮ ಅದೇ. ವ್ಯತ್ಯಾಸ ಬರುವುದು 27ರ ಎರಡು ತಂಡಗಳಲ್ಲಿ ಮಾತ್ರ. ಪಿಎಸ್‌ಜಿ ಹೇಗೂ 12 ಅಂಕ ಮುಂದಿತ್ತು. ಹಾಗಾಗಿ ಇಡೀ ಪಟ್ಟಿಯಲ್ಲಿ ಭಾಗಾಕಾರದಿಂದ ಅದಲುಬದಲಾದದ್ದು ಒಂದೇ ಜೋಡಿ, ನಿಮ್ಮ ಕಣ್ಣಿಗೆ ಬಿದ್ದ ಸ್ಟ್ರಾಸ್‌ಬರ್ಗ್ ಮತ್ತು ಆಂಜೇ.

ನೀವೇ ಲೆಕ್ಕ ಹಾಕುವುದಾದರೆ ದಶಮಾಂಶದ ಗೋಜಿಗೆ ಹೋಗಬೇಡಿ. ಅಡ್ಡ ಗುಣಿಸಿ. ಸ್ಟ್ರಾಸ್‌ಬರ್ಗ್‌ನ 38 ಅಂಕವನ್ನು ಆಂಜೇಯ 28 ಪಂದ್ಯದಿಂದ ಗುಣಿಸಿದರೆ 1064. ಆಂಜೇಯ 39 ಅಂಕವನ್ನು ಸ್ಟ್ರಾಸ್‌ಬರ್ಗ್‌ನ 27 ಪಂದ್ಯದಿಂದ ಗುಣಿಸಿದರೆ 1053. ದೊಡ್ಡದು ಮೇಲೆ. ಎರಡು ಅಂಕಿಗೆ ಮೊಟಕು ಮಾಡಿದ ಸರಾಸರಿಗಳನ್ನು ಹೋಲಿಸಿದರೆ ಇಲ್ಲಿ ಹೇಗೋ ಸರಿಹೋಗುತ್ತದೆ (1.41 ಮತ್ತು 1.39). ಆದರೆ ತಂಡಗಳು ಆಡಿದ ಪಂದ್ಯಗಳ ಸಂಖ್ಯೆ ಬೇರೆ ಬೇರೆಯಾದಷ್ಟೂ ಈ ಮೊಟಕು ಅಂಕಿಗಳು ಕೈಕೊಡುತ್ತವೆ. ಅದೇ ವರ್ಷ ಇಂಗ್ಲೆಂಡಿನ ಮೂರನೇ ದರ್ಜೆಯ ಲೀಗ್‌ನಲ್ಲೂ ಇದೇ ಸೂತ್ರ ಬಳಸಿದರು. ಅಲ್ಲಿ ಎಂಟನೆಯದಾಗಿದ್ದ ವಿಕಂಬ್ ಮೂರನೇ ಸ್ಥಾನಕ್ಕೆ ಹಾರಿತು, ಪ್ಲೇಆಫ್ ಗೆದ್ದು ಮೇಲಿನ ದರ್ಜೆಗೂ ಹೋಯಿತು.

ಈ ಸೂತ್ರದ ಹುಳುಕು ಎಲ್ಲಿದೆ ಎಂದು ನೋಡಬೇಕಾದರೆ ಸ್ಟ್ರಾಸ್‌ಬರ್ಗ್‌ಗಿಂತ ಒಳ್ಳೆಯ ಉದಾಹರಣೆ ಸಿಗದು. ಮುಂದೂಡಿದ ಆ ಒಂದು ಪಂದ್ಯ ನಡೆದಿದ್ದರೆ ಏನಾಗುತ್ತಿತ್ತು? ಸೋತಿದ್ದರೆ 28 ಪಂದ್ಯಕ್ಕೆ 38 ಅಂಕ, ಸರಾಸರಿ 1.36, ಆಂಜೇಯ ಕೆಳಗೆ ಹನ್ನೊಂದನೇ ಸ್ಥಾನ. ಡ್ರಾ ಮಾಡಿಕೊಂಡಿದ್ದರೆ 39 ಅಂಕ, ಸರಾಸರಿ 1.39, ಆಂಜೇಗೆ ಸರಿಸಮ. ಗಮನಿಸಿ: ಆ ಋತುವಿನಲ್ಲಿ 27ರಲ್ಲಿ 22 ಗೆದ್ದು ಮೂರೇ ಮೂರು ಸೋತಿದ್ದ ತಂಡದೊಂದಿಗೆ ಡ್ರಾ ಮಾಡಿಕೊಂಡರೂ ಸ್ಟ್ರಾಸ್‌ಬರ್ಗ್‌ನ ಸರಾಸರಿ ಇಳಿಯುತ್ತಿತ್ತು! ಆಡದೇ ಕೂತದ್ದೇ ಲಾಭ. ಇನ್ನು ಗೆದ್ದಿದ್ದರೆ 41 ಅಂಕ, 1.46, ನೀಸ್, ರೀಮ್ಸ್ ಜೊತೆ ಯುರೋಪ್ ಟಿಕೆಟ್ ಸಾಲಿನಲ್ಲೇ ನಿಲ್ಲುತ್ತಿತ್ತು. ಸರಾಸರಿ ಲೆಕ್ಕವೆಂದರೆ, ಆಡದ ಪಂದ್ಯಕ್ಕೂ ತಂಡ ತನ್ನ ಮಾಮೂಲಿ ಗಳಿಕೆಯನ್ನೇ ಗಳಿಸುತ್ತದೆ ಎಂದು ಊಹಿಸಿಕೊಳ್ಳುವುದು. ಎದುರಾಳಿ ಪಿಎಸ್‌ಜಿಯೋ ಕೊನೆಯ ಸ್ಥಾನದ ಟುಲೂಸೋ ಎಂಬುದು ಅದಕ್ಕೆ ಲೆಕ್ಕಕ್ಕಿಲ್ಲ. ಮಳೆ ಬಂದ ಕ್ರಿಕೆಟ್ ಪಂದ್ಯದಲ್ಲಿ ಡಕ್‌ವರ್ತ್-ಲೂಯಿಸ್ ಸೂತ್ರ ಕೈಯಲ್ಲಿ ಎಷ್ಟು ವಿಕೆಟ್ ಉಳಿದಿವೆ ಎಂದಾದರೂ ಕೇಳುತ್ತದೆ. ಅದಕ್ಕಿಂತ ಮುಂಚೆ ಬರಿಯ ರನ್ ರೇಟ್ ನೋಡಿ ಗುರಿ ಇಳಿಸುತ್ತಿದ್ದ ಕಾಲ ನೆನಪಿದೆಯಲ್ಲ, ಫ್ರಾನ್ಸಿನವರು ಬಳಸಿದ್ದು ಆ ಜಾತಿಯ ಲೆಕ್ಕ.

ಹಾಗೆಂದು ಎಲ್‌ಎಫ್‌ಪಿಯನ್ನು ಪೂರ್ತಿ ಬಯ್ಯುವಂತಿಲ್ಲ. ಬೇರೆ ದಾರಿಗಳೂ ಇದ್ದವು, ಪ್ರತಿಯೊಂದರಲ್ಲೂ ಯಾರಿಗಾದರೂ ಏಟು. 19 ಸುತ್ತಿಗೆ ನಿಲ್ಲಿಸಿದರೆ ಎಲ್ಲರೂ ಎಲ್ಲರೊಂದಿಗೆ ಒಮ್ಮೆ ಆಡಿದಂತಾಗುತ್ತದೆ, ಆದರೆ ಆಮೇಲೆ ಬೆವರು ಸುರಿಸಿ ಆಡಿದ ಎಂಬತ್ತೊಂಬತ್ತು ಪಂದ್ಯ ಕಸದ ಬುಟ್ಟಿಗೆ. ನೆದರ್ಲೆಂಡ್ಸ್ ಮಾಡಿದಂತೆ ಚಾಂಪಿಯನ್ನೂ ಇಲ್ಲ, ಕೆಳಗಿನ ದರ್ಜೆಗೆ ಇಳಿಯುವವರೂ ಇಲ್ಲ ಎನ್ನಬಹುದಿತ್ತು. 12 ಅಂಕ ಮುಂದಿದ್ದ ತಂಡಕ್ಕೆ ಕಿರೀಟ ಕೊಡದಿರುವುದು ಕಷ್ಟ. ಗಣಿತದ ಪ್ರಕಾರ ಪಿಎಸ್‌ಜಿ ಇನ್ನೂ ಚಾಂಪಿಯನ್ ಆಗಿರಲಿಲ್ಲ, ಅದು ನಿಜ. ಉಳಿದ ಹತ್ತೂ ಗೆದ್ದರೆ ಮಾರ್ಸೇಗೆ 86 ಅಂಕ ಆಗುತ್ತಿತ್ತು. ಅದನ್ನು ದಾಟಲು ಪಿಎಸ್‌ಜಿಗೆ ಉಳಿದ 11 ಪಂದ್ಯದ 33 ಅಂಕದಲ್ಲಿ 19 ಬೇಕಿತ್ತು. ಆದರೆ ಈ ಬಗ್ಗೆ ಮಾರ್ಸೇಯಲ್ಲೂ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಅಕ್ಟೋಬರ್ 27ರಂದು ಪ್ಯಾರಿಸ್‌ನಲ್ಲಿ 4-0 ಸೋತಿದ್ದವರು ಅವರು.

ನೀಸ್-ರೀಮ್ಸ್ ವಿಷಯ ಬೇರೆ. ಎರಡಕ್ಕೂ 28 ಪಂದ್ಯ, 41 ಅಂಕ. ರೀಮ್ಸ್‌ನ ಗೋಲು ವ್ಯತ್ಯಾಸ +5, ನೀಸ್‌ನದು +3. ಮಾಮೂಲಿ ನಿಯಮದಲ್ಲಿ ಗೋಲು ವ್ಯತ್ಯಾಸ ಮೊದಲು. ಋತು ನಿಂತ ದಿನ ರೀಮ್ಸ್ ಐದನೆಯದು. ಆದರೆ ಅಂತಿಮ ಪಟ್ಟಿಗೆ ಎಲ್‌ಎಫ್‌ಪಿ, ಸರಾಸರಿ ಸಮವಾದರೆ ಆ ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶವನ್ನು ನೋಡುವುದು ಎಂದು ತೀರ್ಮಾನಿಸಿತು. ಪೂರ್ತಿಯಾಗದ ಋತುವಿನಲ್ಲಿ ಗೋಲು ವ್ಯತ್ಯಾಸ ಯಾರ ಮೇಲೆ ಇನ್ನೂ ಆಡಿಲ್ಲ ಎಂಬುದನ್ನು ಅವಲಂಬಿಸುತ್ತದೆ, ಹಾಗಾಗಿ ಈ ಆಯ್ಕೆಯಲ್ಲಿ ತರ್ಕವಿದೆ. ಪರಸ್ಪರ ಲೆಕ್ಕದಲ್ಲಿ ನೀಸ್ ಮೇಲಾಯಿತು. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಹೆಚ್ಚು ಪ್ರಶ್ನೆಗೆ ಒಳಗಾಗಬೇಕಿದ್ದ ಜಾಗ ಇದು: ಆಟ ಮುಗಿದ ಮೇಲೆ ಆಟದ ನಿಯಮ ಬದಲಾದದ್ದು. ಬರೀ 26 ಗೋಲು ಹೊಡೆದು 21 ಮಾತ್ರ ಬಿಟ್ಟುಕೊಟ್ಟು, ಸೆಪ್ಟೆಂಬರ್ 25ರಂದು ಪಿಎಸ್‌ಜಿಯನ್ನು ಪ್ಯಾರಿಸ್‌ನಲ್ಲೇ 2-0 ಸೋಲಿಸಿದ್ದ ರೀಮ್ಸ್‌ನಂಥ ಸಣ್ಣ ಕ್ಲಬ್‌ಗೆ ಐದೋ ಆರೋ ಎಂಬುದು ಬರಿಯ ಗೌರವದ ಮಾತಲ್ಲ. ಟಿವಿ ಹಣದ ಒಂದು ಪಾಲು ಸ್ಥಾನ ನೋಡಿ ಹಂಚಿಕೆಯಾಗುತ್ತದೆ. ಯುರೋಪಿನ ದಾರಿಯೂ ಬೇರೆಯಾಗುತ್ತದೆ: ಐದನೆಯ ನೀಸ್ ನೇರವಾಗಿ ಯುರೋಪಾ ಲೀಗ್‌ನ (ಚಾಂಪಿಯನ್ಸ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ) ಗುಂಪು ಹಂತಕ್ಕೆ ಹೋಯಿತು. ಆರನೆಯ ರೀಮ್ಸ್ ಅರ್ಹತಾ ಸುತ್ತಿನಿಂದ ಶುರು ಮಾಡಿ, ಹಂಗರಿಯ ಫೆಹರ್ವಾರ್ ಎದುರು ಪೆನಾಲ್ಟಿಯಲ್ಲಿ ಸೋತು ಮನೆಗೆ ಬಂತು.

ಈಗ ಲಿಯಾನ್. 28 ಪಂದ್ಯದಲ್ಲಿ 11 ಗೆಲುವು, 7 ಡ್ರಾ, 10 ಸೋಲು, 40 ಅಂಕ, ಏಳನೇ ಸ್ಥಾನ. (ಎಂಟನೆಯ ಮಾಂಪೆಲಿಯೇ, ಒಂಬತ್ತನೆಯ ಮೊನಾಕೊ ಕೂಡ ಅಚ್ಚುಕಟ್ಟಾಗಿ 11-7-10. ಮೂರು ತಂಡಗಳು ಸಾಲಾಗಿ ಹೀಗೆ ಬರುವುದು ಅಪರೂಪ.) ಗೋಲು ವ್ಯತ್ಯಾಸ +15. ಪಿಎಸ್‌ಜಿ ಬಿಟ್ಟರೆ ಲೀಗ್‌ನಲ್ಲೇ ಎಲ್ಲಕ್ಕಿಂತ ಮೇಲು, ಎರಡನೆಯ ಮಾರ್ಸೇಯದು ಬರೀ +12. ಅಂದರೆ ತಂಡ ಕೆಟ್ಟದ್ದಾಗಿರಲಿಲ್ಲ. ಗೆದ್ದಾಗ ದೊಡ್ಡದಾಗಿ ಗೆದ್ದು, ಬಿಗಿ ಪಂದ್ಯಗಳನ್ನು ಕೈಬಿಟ್ಟ ತಂಡ. ಋತುವಿನ ಆರಂಭದಲ್ಲೇ ಎಡವಿ ಅಕ್ಟೋಬರ್‌ನಲ್ಲಿ ಕೋಚ್ ಸಿಲ್ವಿನ್ಯೊ ಅವರನ್ನು ತೆಗೆದು ರೂಡಿ ಗಾರ್ಸಿಯಾ ಅವರನ್ನು ತಂದಿದ್ದರು.

ನಿಂತುಹೋಗುವ ಮುನ್ನ ಲಿಯಾನ್ ಆಡಿದ ಕೊನೆಯ ಲೀಗ್ ಪಂದ್ಯ ಮಾರ್ಚ್ 8ರಂದು ಲೀಲ್‌ನಲ್ಲಿ. ಲೊಯಿಕ್ ರೆಮಿ ಗೋಲಿನಿಂದ 1-0 ಸೋಲು. ಆ ಒಂದು ಪಂದ್ಯ ಡ್ರಾ ಆಗಿದ್ದರೂ ಲಿಯಾನ್‌ಗೆ 41 ಅಂಕವಾಗಿ ನೀಸ್, ರೀಮ್ಸ್ ಜೊತೆ ಮೂರು ತಂಡಗಳ ಸಮಬಲ. ಗೆದ್ದಿದ್ದರೆ 43 ಅಂಕ, ಯಾರ ಹಂಗೂ ಇಲ್ಲದೆ ಐದನೇ ಸ್ಥಾನ. ಅದು ಋತುವಿನ ಕೊನೆಯ ಪಂದ್ಯವೆಂದು ಮೈದಾನದಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಹತ್ತು ಪಂದ್ಯ ಬಾಕಿ ಇರುವಾಗ ಒಂದಂಕದ ಅಂತರ ಅಂತರವೇ ಅಲ್ಲ. ಲಿಯಾನ್‌ನ ಅಧ್ಯಕ್ಷ ಜಾನ್-ಮಿಶೆಲ್ ಓಲಾಸ್ ಅಷ್ಟು ಗದ್ದಲ ಎಬ್ಬಿಸಿದ್ದು ಅದಕ್ಕೇ. ಫ್ರಾನ್ಸ್ ಅವಸರ ಮಾಡಿತು ಎಂಬ ಅವರ ದೂರಿಗೆ ಮೇ 16ರಂದು ಜರ್ಮನಿಯ ಬುಂಡೆಸ್‌ಲೀಗಾ ಖಾಲಿ ಮೈದಾನಗಳಲ್ಲಿ ಮತ್ತೆ ಶುರುವಾದಾಗ ಬಲ ಬಂತು.

ಆದರೂ ಏಪ್ರಿಲ್ 30ರಂದೇ ಲಿಯಾನ್‌ನ ಬಾಗಿಲು ಮುಚ್ಚಿರಲಿಲ್ಲ. ಇದು ಬಹಳ ಜನ ಮರೆಯುವ ಭಾಗ. ಆಗ ಫ್ರಾನ್ಸಿನಿಂದ ಯುರೋಪಾ ಲೀಗ್‌ಗೆ ಇದ್ದ ಮೂರು ಜಾಗಗಳಲ್ಲಿ ಒಂದು ಲೀಗ್‌ನ ನಾಲ್ಕನೆಯವರಿಗೆ, ಒಂದು ಫ್ರೆಂಚ್ ಕಪ್ ಗೆದ್ದವರಿಗೆ, ಇನ್ನೊಂದು ಲೀಗ್ ಕಪ್ ಗೆದ್ದವರಿಗೆ. ಕಪ್ ಗೆದ್ದವರು ಅದಾಗಲೇ ಲೀಗ್ ಮೂಲಕ ಅರ್ಹರಾಗಿದ್ದರೆ ಆ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಇಳಿಯುತ್ತದೆ. ಎರಡೂ ಕಪ್‌ಗಳ ಫೈನಲ್ ಬಾಕಿ ಇತ್ತು, ಎರಡರಲ್ಲೂ ಪಿಎಸ್‌ಜಿ. ಜುಲೈ 24ರಂದು ಫ್ರೆಂಚ್ ಕಪ್ ಫೈನಲ್‌ನಲ್ಲಿ ನೇಮಾರ್ ಗೋಲಿನಿಂದ ಪಿಎಸ್‌ಜಿ ಸೇಂಟ್ ಎಟಿಯೆನ್ ಅನ್ನು 1-0 ಸೋಲಿಸಿತು. ಆ ಜಾಗ ನೀಸ್‌ಗೆ ಇಳಿಯಿತು. ಸೇಂಟ್ ಎಟಿಯೆನ್ ಗೆದ್ದಿದ್ದರೆ, ಲೀಗ್‌ನಲ್ಲಿ ಹದಿನೇಳನೆಯದಾಗಿದ್ದ ತಂಡ ಯುರೋಪಿಗೆ ಹೋಗಿ ರೀಮ್ಸ್ ಹೊರಗೆ ಉಳಿಯುವ ಸಂಭವವಿತ್ತು. ಜುಲೈ 31ರಂದು ಲೀಗ್ ಕಪ್ ಫೈನಲ್, ಎದುರಾಳಿ ಲಿಯಾನ್. ನೂರಿಪ್ಪತ್ತು ನಿಮಿಷ ಗೋಲಿಲ್ಲ. ಪೆನಾಲ್ಟಿಯಲ್ಲಿ ಮೊದಲ ಐದೈದು ಎಲ್ಲವೂ ಗೋಲು. ಆರನೆಯದನ್ನು ಲಿಯಾನ್‌ನ ಬರ್ಟ್ರಾಂಡ್ ಟ್ರಾವೊರೆ ಹಾಳುಮಾಡಿದರು, ಪಿಎಸ್‌ಜಿಯ ಸರಾಬಿಯಾ ಹೊಡೆದರು, 6-5. ರೀಮ್ಸ್ ಒಳಗೆ, ಲಿಯಾನ್ ಹೊರಗೆ. ಆ ಲೀಗ್ ಕಪ್ ಟೂರ್ನಿಯೂ ಅಂದಿಗೇ ಕೊನೆ, ಅದನ್ನು ಮತ್ತೆ ನಡೆಸಲಿಲ್ಲ.

ಮೂರನೆಯ ಬಾಗಿಲು ಚಾಂಪಿಯನ್ಸ್ ಲೀಗನ್ನೇ ಗೆಲ್ಲುವುದು. ಗೆದ್ದವರಿಗೆ ಮುಂದಿನ ವರ್ಷ ಜಾಗ ಖಾತ್ರಿ, ಲೀಗ್‌ನಲ್ಲಿ ಎಷ್ಟನೆಯವರಾದರೂ ಸರಿ. ಆಗಸ್ಟ್ 7ರಂದು ಯುವೆಂಟಸ್ ಎದುರು 2-1 ಸೋತರೂ, ಫೆಬ್ರುವರಿಯಲ್ಲಿ ಮನೆಯಂಗಳದಲ್ಲಿ 1-0 ಗೆದ್ದಿದ್ದರಿಂದ, ಒಟ್ಟು ಗೋಲು ಸಮವಾದರೆ ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರೇ ಮುಂದೆ ಎಂಬ ಆಗಿನ ನಿಯಮ ಲಿಯಾನ್‌ನ ಕೈಹಿಡಿಯಿತು. ಆಗಸ್ಟ್ 15ರಂದು ಲಿಸ್ಬನ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 3-1 ಮಣಿಸಿತು. ನಾಲ್ಕು ದಿನದ ಬಳಿಕ ಬಯರ್ನ್ ಮ್ಯೂನಿಕ್ 3-0 ಹೊಡೆದು ಆ ಬಾಗಿಲನ್ನೂ ಹಾಕಿತು. 1997-98ರಿಂದ ಒಂದು ವರ್ಷವೂ ತಪ್ಪದೆ ಯುರೋಪ್ ಟೂರ್ನಿಗಳಲ್ಲಿ ಆಡುತ್ತ ಬಂದಿದ್ದ ಕ್ಲಬ್‌ನ ಸರಪಳಿ ಹೀಗೆ ಕಡಿಯಿತು. ಒಂದಂಕ, ಒಂದು ಪೆನಾಲ್ಟಿ, ಒಂದು ಬಯರ್ನ್.

ನೀವು ಕೇಳದಿದ್ದರೂ ಪಟ್ಟಿಯ ತಳದ ಬಗ್ಗೆ ಹೇಳಲೇಬೇಕು, ಏಕೆಂದರೆ ಕಾನೂನಿನ ನಿಜವಾದ ಜಗಳ ನಡೆದದ್ದು ಅಲ್ಲಿ. ಇಪ್ಪತ್ತನೆಯ ಟುಲೂಸ್‌ಗೆ 13 ಅಂಕ, ಹದಿನೆಂಟನೆಯ ನೀಮ್‌ಗಿಂತ 14 ಕಡಿಮೆ; ಅದರ ಬಗ್ಗೆ ವಾದಿಸುವುದಕ್ಕೆ ಏನೂ ಇಲ್ಲ. ಹತ್ತೊಂಬತ್ತನೆಯ ಆಮಿಯಾನ್ ಕಥೆ ಹಾಗಲ್ಲ. ಅದಕ್ಕೆ 23 ಅಂಕ, ನೀಮ್‌ಗೆ 27. ನಾಲ್ಕಂಕ, ಹತ್ತು ಪಂದ್ಯ. ಫೆಬ್ರುವರಿ 15ರಂದು ಪಿಎಸ್‌ಜಿ ಎದುರು ಮೂರು ಗೋಲು ಮುಂದಿದ್ದು, ಆಮೇಲೆ ಹಿಂದೆ ಬಿದ್ದು, ಕೊನೆಗೆ 4-4 ಮಾಡಿಕೊಂಡ ತಂಡ ಅದು. ಆಗೆಲ್ಲ ಮಾಮೂಲಿ ವರ್ಷದಲ್ಲಿ ಹದಿನೆಂಟನೆಯವರು ಎರಡನೇ ದರ್ಜೆಯಿಂದ ಬಂದ ತಂಡದೊಂದಿಗೆ ಪ್ಲೇಆಫ್ ಆಡಿ ಉಳಿವು ಗಳಿಸಬೇಕಿತ್ತು. ಆ ವರ್ಷ ಪ್ಲೇಆಫ್ ರದ್ದಾದ್ದರಿಂದ ನೀಮ್ ಬೆವರದೆ ಉಳಿಯಿತು. ಇತ್ತ ಲೀಗ್ 2ರಲ್ಲಿ 54 ಅಂಕದ ಲೋರಿಯಾನ್, 53ರ ಲಾನ್ಸ್ ಮೇಲೆ ಬಂದವು. 52 ಅಂಕದ ಅಜಾಕ್ಸಿಯೋ ಕೆಳಗೇ ಉಳಿಯಿತು.

ಲಿಯಾನ್, ಆಮಿಯಾನ್, ಟುಲೂಸ್ ಮೂರೂ ಫ್ರಾನ್ಸಿನ ಅತ್ಯುಚ್ಚ ಆಡಳಿತ ನ್ಯಾಯಾಲಯವಾದ ಕೊನ್ಸೇಯ್ ದೆತಾ ಮೆಟ್ಟಿಲೇರಿದವು. ಜೂನ್ 9ರ ಆದೇಶ ಎರಡು ತುಂಡು. ಋತು ನಿಲ್ಲಿಸಿದ್ದು ಸರಿ, ಸರಾಸರಿಯ ಪಟ್ಟಿಯೂ ಊರ್ಜಿತ. ಲಿಯಾನ್‌ಗೆ ಏನೂ ಸಿಗಲಿಲ್ಲ. ಆದರೆ ಎರಡು ತಂಡಗಳನ್ನು ಕೆಳಗಿಳಿಸುವ ನಿರ್ಧಾರಕ್ಕೆ ತಡೆ. ಕಾರಣ ಗಣಿತವಲ್ಲ, ಕಾಗದ: ಲೀಗ್‌ನಲ್ಲಿ 20ಕ್ಕಿಂತ ಹೆಚ್ಚು ತಂಡ ಇರುವಂತಿಲ್ಲ ಎನ್ನಲು ಎಲ್‌ಎಫ್‌ಪಿ ತೋರಿಸಿದ್ದು ಫ್ರೆಂಚ್ ಫುಟ್‌ಬಾಲ್ ಫೆಡರೇಷನ್ ಜೊತೆಗಿನ ಒಪ್ಪಂದವನ್ನು. ಆ ಒಪ್ಪಂದದ ಅವಧಿ ಜೂನ್ 30ಕ್ಕೆ ಮುಗಿಯುತ್ತಿತ್ತು. ಮುಂದಿನ ಋತುವಿಗೆ ಅನ್ವಯಿಸದ ಒಪ್ಪಂದ ತೋರಿಸಿ ಮುಂದಿನ ಋತುವಿನ ತಂಡಗಳ ಸಂಖ್ಯೆ ಕಟ್ಟಿಹಾಕಲಾಗದು, ಮತ್ತೆ ಪರಿಶೀಲಿಸಿ ಎಂದಿತು ಕೋರ್ಟು. ಜೂನ್ 23ರಂದು ಕ್ಲಬ್‌ಗಳ ಸಭೆ 20 ತಂಡವೇ ಸಾಕೆಂದು ಮತ ಹಾಕಿತು. ಹಣದ ಹಂಚಿಕೆಗೆ ಇನ್ನಿಬ್ಬರನ್ನು ಸೇರಿಸಿಕೊಳ್ಳಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಟಿವಿ ಕಂಪನಿಗಳು ಕೊನೆಯ ಕಂತು ಕೊಡದೆ, ಸರ್ಕಾರದ ಖಾತರಿಯ ಮೇಲೆ ಎಲ್‌ಎಫ್‌ಪಿ 22.45 ಕೋಟಿ ಯೂರೊ ಸಾಲ ಎತ್ತಿದ್ದ ಹೊತ್ತು ಅದು. ಆಮಿಯಾನ್, ಟುಲೂಸ್ ಕೆಳಗಿಳಿದವು.

ಕೊನೆಗೆ, ಈ ಪಟ್ಟಿಯ ಅಂಕಿಗಳನ್ನು ಎಲ್ಲಾದರೂ ಬಳಸುವುದಾದರೆ ಒಂದೆರಡು ಎಚ್ಚರ. ಒಟ್ಟು ಅಂಕವನ್ನು ಬೇರೆ ವರ್ಷಗಳ ಜೊತೆ ನೇರವಾಗಿ ಹೋಲಿಸಬೇಡಿ. 2018-19ರ ಪಿಎಸ್‌ಜಿಯ 91 ಅಂಕದ ಮುಂದೆ 68 ಬಡಕಲಾಗಿ ಕಾಣುತ್ತದೆ, ಆದರೆ ಪಂದ್ಯಕ್ಕೆ ಲೆಕ್ಕ ಹಾಕಿದರೆ 2.39ಕ್ಕೆ ಎದುರಾಗಿ 2.52. 2015-16ರಲ್ಲಿ ಅದೇ ತಂಡ ಗಳಿಸಿದ 96 ಅಂಕದ ಸರಾಸರಿ 2.53, ಅದರ ಸಮೀಪಕ್ಕೆ ಬರುತ್ತದೆ. ಸರಾಸರಿಯನ್ನು 38ರಿಂದ ಗುಣಿಸಿ 95.7 ಅಂಕ ಎಂದು ಬರೆಯುವವರೂ ಇದ್ದಾರೆ. ಅಧಿಕೃತ ದಾಖಲೆಯಲ್ಲಿ ಅಂಥ ಅಂಕವಿಲ್ಲ, ಇರುವುದು 27 ಪಂದ್ಯ, 68 ಅಂಕ ಮಾತ್ರ. ಗೋಲು ಹೊಡೆದವರ ಪಟ್ಟಿಯಲ್ಲೂ ಎಡವಟ್ಟಿದೆ. ಪಿಎಸ್‌ಜಿಯ ಎಂಬಾಪೆ ಮತ್ತು ಮೊನಾಕೊದ ಬೆನ್ ಯೆಡರ್ ಇಬ್ಬರಿಗೂ 18 ಗೋಲು. ಪ್ರಶಸ್ತಿ ಹೋದದ್ದು ಎಂಬಾಪೆಗೆ, ಏಕೆಂದರೆ ಅವರ 18ರಲ್ಲಿ ಪೆನಾಲ್ಟಿ ಒಂದೂ ಇರಲಿಲ್ಲ, ಬೆನ್ ಯೆಡರ್ ಅವರದರಲ್ಲಿ ಮೂರಿತ್ತು. ಹಾಗಾಗಿ ಇಬ್ಬರ ಹೆಸರನ್ನೂ ಬರೆದಿರುವ ಪಟ್ಟಿ ಸಿಕ್ಕರೆ ಅದೂ ಅಚ್ಚಿನ ತಪ್ಪಲ್ಲ.